ಶ್ರದ್ಧಾಂಜಲಿ ಫ್ಲೆಕ್ಸ್‌ನಲ್ಲಿ ತೀರಿಕೊಂಡವರ ಮುಖ ದೊಡ್ಡದಿರಬೇಕೋ, ಕಟ್ಟಿಸಿದವರದ್ದೋ?

ಫ್ಲೆಕ್ಸ್_ಅಂಗಡಿ_ಉಡುಪಿ
ಉಡುಪಿಯಲ್ಲಿ ನನ್ನದೊಂದು ಸಣ್ಣ ಫ್ಲೆಕ್ಸ್ ಮುದ್ರಣದ ಅಂಗಡಿ. ಮದುವೆ, ಗೃಹಪ್ರವೇಶ, ದೈವದ ನೇಮ, ಕ್ರಿಕೆಟ್ ಪಂದ್ಯಾಟ, ಇವು ನನ್ನ ಹೊಟ್ಟೆಪಾಡು. ಇವುಗಳ ನಡುವೆ ಯಾರಾದರೂ ಹೆಸರುವಾಸಿಗಳು ತೀರಿಕೊಂಡರೆ ಟಿವಿ ಹಾಕುವ ಮೊದಲೇ ನನಗೆ ಗೊತ್ತಾಗುತ್ತದೆ, ಫೋನ್ ಬಡಿದುಕೊಳ್ಳಲು ಶುರುವಾಗುತ್ತದೆ.

2025 ಅಂತೂ ಕೆಟ್ಟ ವರ್ಷ. ಮೇ ತಿಂಗಳಲ್ಲಿ ನಮ್ಮ ಹಾಸ್ಯನಟ ರಾಕೇಶ್ ಪೂಜಾರಿ, ಜುಲೈಯಲ್ಲಿ ಸರೋಜಾದೇವಿ, ಅಕ್ಟೋಬರ್‌ನಲ್ಲಿ ರಾಜು ತಾಳಿಕೋಟೆ, ನವೆಂಬರ್‌ನಲ್ಲಿ ಹರೀಶ್ ರಾಯ್, ಅವರ ಹಿಂದೆಯೇ ಸಾಲುಮರದ ತಿಮ್ಮಕ್ಕ. ನಡುವೆ ಸೆಪ್ಟೆಂಬರ್‌ನಲ್ಲಿ ಭೈರಪ್ಪನವರು ಹೋದಾಗ ಒಂದೇ ಒಂದು ಆರ್ಡರ್ ಬಂತು. ಅದರಲ್ಲಿ ಅವರ ಚಿತ್ರ, ಹೆಸರು, ಎರಡು ಇಸವಿ ಬಿಟ್ಟರೆ ಬೇರೆ ಏನೂ ಇರಲಿಲ್ಲ.

ಉಳಿದವರದ್ದು ಹೀಗಲ್ಲ. ಆರು ಅಡಿ ಅಗಲ, ನಾಲ್ಕು ಅಡಿ ಎತ್ತರ. ಎಡ ಮೂಲೆಯಲ್ಲಿ ತೀರಿಕೊಂಡವರು, ಅವರ ಕೆಳಗೆ ದೀಪ. ಬಲಗಡೆ ಕಪ್ಪು ಕನ್ನಡಕ ಹಾಕಿದ ಮುಖ್ಯಸ್ಥ, ಕೆಳಗೆ ಸಾಲಾಗಿ ಹನ್ನೊಂದು ಜನ. ಮೊನ್ನೆ ಒಬ್ಬರು ಬಂದು ‘ನನ್ನ ಫೋಟೊ ಇನ್ನೂ ಸ್ವಲ್ಪ ದೊಡ್ಡದು ಮಾಡಿ’ ಎಂದರು. ಇನ್ನೂ ದೊಡ್ಡದು ಮಾಡಿದರೆ ನೋಡಿದವರು ನೀವೇ ಹೋದಿರಿ ಎಂದುಕೊಂಡಾರು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಇಂಥವನ್ನು ಮುದ್ರಿಸುವುದಿಲ್ಲ ಎಂದು ಬೋರ್ಡ್ ಹಾಕಲೇ? ನೀವೇನು ಹೇಳುತ್ತೀರಿ?

ಕಲ್ಸಂಕ_ಸಿಗ್ನಲ್
2016ರಿಂದಲೇ ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧವಿದೆ. ಮೊದಲು ಅದಕ್ಕೊಂದು ಬೋರ್ಡ್ ಹಾಕಿ ಅಣ್ಣ.

ಫ್ಲೆಕ್ಸ್_ಅಂಗಡಿ_ಉಡುಪಿ
ಬಟ್ಟೆಯ ಮೇಲೂ ಮುದ್ರಿಸುತ್ತೇವೆ. ಎಲ್ಲರೂ ಕೇಳುವುದು ಮಾತ್ರ ‘ಹೊಳೆಯುವಂಥದ್ದು ಕೊಡಿ’ ಎಂದು. ವಿಷಯ ತಪ್ಪಿಸಬೇಡಿ.

ನಿವೃತ್ತ_ಮಾಸ್ತರ
ಫೋಟೊದ ಗಾತ್ರ ಆಮೇಲೆ ನೋಡೋಣ. ‘ಶೃದ್ಧಾಂಜಲಿ’ ಎಂದು ಮುದ್ರಿಸುವವರು ಯಾರು, ನೀವೇ ಅಲ್ಲವೇ? ಬ್ರಹ್ಮಗಿರಿಯಿಂದ ಸಂತೆಕಟ್ಟೆಯವರೆಗೆ ನಾನು ಎಣಿಸುತ್ತಾ ಹೋಗಿದ್ದೇನೆ. ಐದರಲ್ಲಿ ಮೂರು ತಪ್ಪು. ಒಂದು ಕಡೆ ‘ಶೃ’, ಇನ್ನೊಂದು ಕಡೆ ಧಕಾರದ ಹೊಟ್ಟೆ ಸೀಳದೆ ‘ಶ್ರದ್ದಾಂಜಲಿ’. ಪದ ‘ಶ್ರದ್ಧೆ’ಯಿಂದ ಬಂದದ್ದು. ಶ-ಕ್ಕೆ ರ-ಒತ್ತು, ದ-ಕ್ಕೆ ಧ-ಒತ್ತು. ಸತ್ತವರಿಗೆ ಕೊಡುವ ಒಂದೇ ಒಂದು ಪದವನ್ನಾದರೂ ಸರಿಯಾಗಿ ಕೊಡಿ.

ಫ್ಲೆಕ್ಸ್_ಅಂಗಡಿ_ಉಡುಪಿ
ಮಾಸ್ತರರೇ, ಅವರು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ ಹಾಗೆಯೇ ಹಾಕಬೇಕು. ನಾನು ತಿದ್ದಿದರೆ ‘ನಮ್ಮದು ಶೃ’ ಎಂದು ಜಗಳಕ್ಕೆ ಬಂದವರಿದ್ದಾರೆ.

ಹಂಪನಕಟ್ಟೆ_ಹುಡುಗ
‘ನಮ್ಮದು ಶೃ’ 😂 ಇದನ್ನೇ ಒಂದು ಫ್ಲೆಕ್ಸ್ ಮಾಡಿಸಿ.

ಅಪ್ಪು_ಅಭಿಮಾನಿ_ಸುರತ್ಕಲ್
ನಗುವವರು ನಗಿ. ನಾನು ಅಂಥ ಫ್ಲೆಕ್ಸ್‌ನಲ್ಲಿ ಮುಖ ಹಾಕಿಸಿಕೊಂಡವನು, ಹೇಳಲು ನಾಚಿಕೆಯಿಲ್ಲ. 2021ರ ಅಕ್ಟೋಬರ್ 29, ಶುಕ್ರವಾರ, ನಮ್ಮ ಅಪ್ಪು, ಪುನೀತ್ ರಾಜ್‌ಕುಮಾರ್ ಹೋದ ದಿನ. ಕೆಲಸದಲ್ಲಿದ್ದೆ. ಸುದ್ದಿ ಬಂದಾಗ ನಂಬಲಿಲ್ಲ, 46 ವರ್ಷದ, ಬೆಳಗ್ಗೆ ವ್ಯಾಯಾಮ ಮಾಡಿದ ಮನುಷ್ಯ. ಸಂಜೆ ನಾವು ಏಳು ಹುಡುಗರು ಬಸ್ ನಿಲ್ದಾಣದ ಪಕ್ಕ ನಿಂತಿದ್ದೆವು. ಬೆಂಗಳೂರಿಗೆ ಹೋಗುವ ದುಡ್ಡಿಲ್ಲ, ರಜೆಯೂ ಇಲ್ಲ. ಕಂಠೀರವ ಕ್ರೀಡಾಂಗಣದ ಸಾಲಿನಲ್ಲಿ ನಿಲ್ಲುವ ಭಾಗ್ಯ ನಮಗಿಲ್ಲ. ಎಂತ ಮಾಡುವುದು? ತಲೆಗೆ ಇನ್ನೂರು ಹಾಕಿ ಫ್ಲೆಕ್ಸ್ ಮಾಡಿಸಿದೆವು. ಏಳು ಜನರ ಮುಖವೂ ಇತ್ತು. ನಮಗೆ ಅದು ಸಾಲಿನಲ್ಲಿ ನಿಂತಂತೆಯೇ. ಮಣ್ಣು ಮಾಡಿದ್ದು ಭಾನುವಾರ ಬೆಳಕು ಹರಿಯುವ ಹೊತ್ತಿಗೆ, ಮೊಬೈಲಿನಲ್ಲಿ ನೋಡುತ್ತಾ ಆ ಫ್ಲೆಕ್ಸ್‌ನ ಕೆಳಗೇ ಕುಳಿತಿದ್ದೆವು. ಅದರಲ್ಲಿದ್ದ ಒಬ್ಬ ಈಗ ಕತಾರ್‌ನಲ್ಲಿದ್ದಾನೆ, ಆ ಫೋಟೊ ಇನ್ನೂ ಅವನ ಪರ್ಸಿನಲ್ಲಿದೆ.

ಮೀನುಪೇಟೆ
ಇದು ನನಗೆ ಅರ್ಥವಾಗುತ್ತದೆ. ಅರ್ಥವಾಗದಿರುವುದು ಕಪ್ಪು ಕನ್ನಡಕ.

ಕಲ್ಸಂಕ_ಸಿಗ್ನಲ್
ಸುರತ್ಕಲ್‌ನವರೇ, ನಿಮ್ಮ ಏಳು ಜನ ಬೇರೆ. ಮುಂದಿನ ಚುನಾವಣೆಗೆ ಟಿಕೆಟ್ ಕೇಳುವವನು ಸಾವಿನ ಪಕ್ಕ ನಿಂತು ಕೈಮುಗಿಯುವುದು ಬೇರೆ. ಅದು ಅಭಿಮಾನವಲ್ಲ, ಬಾಡಿಗೆ ಕೊಡದೆ ಸಿಕ್ಕಿದ ಜಾಹೀರಾತು.

ದುಬೈಯಲ್ಲಿರುವ_ಕಾರ್ಕಳದವ
ಫ್ಲೆಕ್ಸ್ ಆದರೂ ಪರವಾಗಿಲ್ಲ, ಒಂದು ವಾರದಲ್ಲಿ ಬಿಸಿಲಿಗೆ ಬಣ್ಣ ಹೋಗುತ್ತದೆ. ವಿಡಿಯೊ ಹೋಗುವುದಿಲ್ಲ. ರಾಕೇಶ್ ಪೂಜಾರಿ ತೀರಿಕೊಂಡದ್ದು ನಮ್ಮ ನಿಟ್ಟೆಯಲ್ಲಿ, ಸ್ನೇಹಿತರ ಮೆಹೆಂದಿಗೆ ಬಂದಿದ್ದಾಗ. ಬೆಳಿಗ್ಗೆ ನಾನು ಎದ್ದು ಮೊಬೈಲ್ ತೆರೆದರೆ ಒಂದೇ ವಿಡಿಯೊ ಹದಿನಾಲ್ಕು ಗುಂಪುಗಳಲ್ಲಿ. ಕುಣಿಯುತ್ತಿರುವ ಹುಡುಗ, ಮೇಲೆ ಅಳುವ ಸಂಗೀತ, ಕೆಳಗೆ ‘ಕೊನೆಯ ಕ್ಷಣ ನೋಡಿ’. ನೋಡಿ ಎಂದರೆ ಏನು ನೋಡಬೇಕು? ಅವನನ್ನು ‘ಕಾಮಿಡಿ ಕಿಲಾಡಿಗಳು’ ಗೆಲ್ಲಿಸಿದ್ದು ಜನ, ಕೊನೆಗೆ ಅವನ ಉಸಿರನ್ನೂ ಎಪಿಸೋಡ್ ಮಾಡಿದ್ದೂ ಜನವೇ. ನಮ್ಮ ಮನೆಯ ಗುಂಪಿನಲ್ಲಿ ಅದನ್ನು ಹಾಕಿದ್ದು ನನ್ನ ಸ್ವಂತ ಮಾವ. ‘ಮಾವಾ, ಅವನ ತಾಯಿಗೆ ಇದು ಬಂದರೆ?’ ಎಂದು ಬರೆದೆ. ಎರಡು ದಿನ ಮಾತಾಡಲಿಲ್ಲ.

ಪಣಂಬೂರು_ಅಲೆ
ಅದೇ ದಿನ ಲಸಿಕೆಯಿಂದ ಆದದ್ದು ಎಂದೂ ಶುರುವಾಗಿತ್ತು. ಏನೇ ಆದರೂ ಲಸಿಕೆ. ಸತ್ಯ ಯಾರು ಹೇಳುತ್ತಾರೆ?

ಸಿಸ್ಟರ್_ಮಣಿಪಾಲ
ಹಾಸನದಲ್ಲಿ ಸಾಲು ಸಾಲು ಹೃದಯಾಘಾತದ ಸುದ್ದಿ ಬಂದಾಗ ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತ್ತು. ಲಸಿಕೆಗೂ ಹಠಾತ್ ಸಾವುಗಳಿಗೂ ನೇರ ಸಂಬಂಧ ಕಂಡುಬಂದಿಲ್ಲ ಎಂದು ವರದಿ ಬಂತು. ಬಿಪಿ, ಸಕ್ಕರೆ, ಬೀಡಿ-ಸಿಗರೇಟು, ಮನೆಯವರಿಗಿದ್ದ ಹೃದ್ರೋಗ, ಇವನ್ನು ವಿಚಾರಿಸಿ. ಯಾರಾದರೂ ನಟ ತೀರಿಕೊಂಡ ಮರುದಿನ ಆಸ್ಪತ್ರೆಗಳಲ್ಲಿ ಇಸಿಜಿಗೆ ಸಾಲು. ಹದಿನೈದು ದಿನ ಕಳೆದರೆ ಅದೇ ಜನ ಎದೆ ಉರಿದರೆ ಗ್ಯಾಸ್ ಎಂದು ಸೋಡಾ ಕುಡಿಯುತ್ತಾರೆ. ಎದೆಯ ನೋವು ಎಡಗೈಗೋ ದವಡೆಗೋ ಹರಿದು, ಮೈ ಬೆವರಿದರೆ ಸೋಡಾ ಬೇಡ ಮಾರಾಯರೇ, ನೇರ ಬನ್ನಿ.

ಪಣಂಬೂರು_ಅಲೆ
ಸರಿ ಸಿಸ್ಟರ್. (ಸೋಡಾ ನಾನೇ.)

ಸಾಹಸಸಿಂಹ_ಕಾಪು
ಎಲ್ಲರೂ ಅಪ್ಪು ಅಪ್ಪು ಎನ್ನುತ್ತೀರಿ. ನಮ್ಮ ವಿಷ್ಣುವರ್ಧನ್ ಹೋದದ್ದು 2009ರ ಡಿಸೆಂಬರ್ 30. ಮೈಸೂರಿನಲ್ಲಿ ಸ್ಮಾರಕ ಉದ್ಘಾಟನೆಯಾದದ್ದು 2023ರಲ್ಲಿ. ಅಂತ್ಯಸಂಸ್ಕಾರವಾದ ಅಭಿಮಾನ್ ಸ್ಟುಡಿಯೊದ ಸಮಾಧಿಯನ್ನು 2025ರ ಆಗಸ್ಟ್‌ನಲ್ಲಿ ರಾತ್ರೋರಾತ್ರಿ ನೆಲಸಮ ಮಾಡಿದರು. ಆಮೇಲೆ ಕರ್ನಾಟಕ ರತ್ನ ಘೋಷಣೆ! ಹದಿನಾರು ವರ್ಷ ಅಭಿಮಾನಿಗಳು ಕಚೇರಿ, ನ್ಯಾಯಾಲಯ ಎಂದು ಅಲೆದರು. ಫ್ಲೆಕ್ಸ್‌ನಲ್ಲಿ ಯಾರ ಮುಖ ದೊಡ್ಡದು ಎನ್ನುವುದು ನಿಮಗೆ ಚರ್ಚೆ. ನಮಗೆ ಸಮಾಧಿಯೇ ಇಲ್ಲ.

ಅಪ್ಪು_ಅಭಿಮಾನಿ_ಸುರತ್ಕಲ್
ಸಮಾಧಿ ಕೆಡವಿದ್ದು ನಮಗೂ ನೋವಾಗಿದೆ ಅಣ್ಣ. ಆದರೆ ಅದಕ್ಕೂ ಅಪ್ಪುವಿಗೂ ಏನು ಸಂಬಂಧ? ಇದರಲ್ಲಿಯೂ ಅವರು, ನಾವು ಎಂದು ಗೆರೆ ಎಳೆಯಬೇಕೇ?

ಸಾಹಸಸಿಂಹ_ಕಾಪು
ಗೆರೆ ಎಳೆದದ್ದು ನಾವಲ್ಲ.

ನಿವೃತ್ತ_ಮಾಸ್ತರ
ಈ ಜಗಳ ನನ್ನ ವಿದ್ಯಾರ್ಥಿಗಳ ಅಪ್ಪಂದಿರ ಕಾಲದಿಂದ ಇದೆ. ಇಬ್ಬರೂ ಒಂದು ಶರಬತ್ತು ಕುಡಿಯಿರಿ.

ಹಂಪನಕಟ್ಟೆ_ಹುಡುಗ
ಶಂಕರ್‌ನಾಗ್ ಹೋದಾಗ ಇಷ್ಟು ಗಲಾಟೆ ಇತ್ತೇ? 1991 ಅಲ್ಲವಾ ಅದು? ನಾನು ಹುಟ್ಟಿರಲಿಲ್ಲ, ಆದರೆ ನಮ್ಮ ಆಟೊದವರು ಇವತ್ತಿಗೂ ಅವರ ಚಿತ್ರ ಅಂಟಿಸುತ್ತಾರೆ.

ಗುಂಡ್ಮಿಯ_ಕಡೆಯವ
1990, ಸೆಪ್ಟೆಂಬರ್ 30. ದಾವಣಗೆರೆ ಹತ್ತಿರ ಆನಗೋಡಿನಲ್ಲಿ ಅಪಘಾತ. ಇಸವಿ ನನಗೆ ಮರೆಯುವುದಿಲ್ಲ, ಏಕೆಂದರೆ ಅದೇ ವರ್ಷ ಮೇ ತಿಂಗಳಲ್ಲಿ ಯಕ್ಷಗಾನದಲ್ಲಿ ಪದ ಹಾಡುವ ಭಾಗವತರು, ನಮ್ಮ ಕಾಳಿಂಗ ನಾವಡರು ಹೋದರು. ಅವರದ್ದೂ ರಸ್ತೆ ಅಪಘಾತವೇ, ವಯಸ್ಸು ಮೂವತ್ತರ ಆಸುಪಾಸು.

ಆಗ ಫ್ಲೆಕ್ಸ್ ಎಲ್ಲಿತ್ತು? ನಮ್ಮ ತಂದೆ ಬಡಗುತಿಟ್ಟಿನ, ಅಂದರೆ ಯಕ್ಷಗಾನದ ಉತ್ತರದ ಶೈಲಿಯ, ಹುಚ್ಚಿನವರು. ಸಾಲಿಗ್ರಾಮ ಮೇಳದ ಆಟ ಇಪ್ಪತ್ತು ಕಿಲೋಮೀಟರ್ ದೂರವಿದ್ದರೂ ಸೈಕಲ್ಲಿನಲ್ಲಿ ಹೋಗುತ್ತಿದ್ದರು, ನಾವಡರು ಏರುಸ್ವರಕ್ಕೆ ಹೋಗುವಾಗ ಚಾಪೆಯ ಮೇಲೆ ಮಲಗಿದ್ದವರೂ ಎದ್ದು ಕೂರುತ್ತಿದ್ದರಂತೆ. ಸುದ್ದಿ ತಂದದ್ದು ಹಾಲಿನ ಡೈರಿಯವರು. ತಂದೆ ಏನೂ ಹೇಳಲಿಲ್ಲ. ಕೈಯಲ್ಲಿದ್ದ ಹಾಲಿನ ಪಾತ್ರೆ ಜಗಲಿಯ ಮೇಲಿಟ್ಟು ಒಳಗೆ ಹೋದರು. ಟೇಪ್ ರೆಕಾರ್ಡರ್‌ಗೆ ಕ್ಯಾಸೆಟ್ ಹಾಕಿದರು, ಒಂದು ಪದ ಮುಗಿಯುವ ಮೊದಲೇ ನಿಲ್ಲಿಸಿದರು. ಆಮೇಲೆ ಒಂದು ವರ್ಷ ಆ ಕ್ಯಾಸೆಟ್ ಮುಟ್ಟಲಿಲ್ಲ, ನಮ್ಮನ್ನೂ ಮುಟ್ಟಲು ಬಿಡಲಿಲ್ಲ. ಅದರ ಮೇಲೆ ಪೆನ್ಸಿಲಿನಲ್ಲಿ ಬರೆದದ್ದು ಈಗಲೂ ಇದೆ: ‘ನಾವಡ – ಎ ಬದಿ ಒಳ್ಳೆಯದು’.

ಬಡಗುತಿಟ್ಟು_ತೆಂಕುತಿಟ್ಟು
‘ಎ ಬದಿ ಒಳ್ಳೆಯದು’... ಬೆಳಗ್ಗೆ ಬೆಳಗ್ಗೆ ಕಣ್ಣು ಒದ್ದೆ ಮಾಡಿದಿರಿ.

ನಮ್ಮಲ್ಲಿ ಯಕ್ಷಗಾನದ ಸಾವಿಗೆ ಯಾಕೆ ಇಷ್ಟು ಸದ್ದಿಲ್ಲ? 2023ರ ಫೆಬ್ರವರಿಯಲ್ಲಿ ಬಲಿಪ ನಾರಾಯಣ ಭಾಗವತರು ಹೋದರು. ಐದು ದಿನದ ದೇವಿ ಮಹಾತ್ಮೆ ಬರೆದವರು, ಮೈಕ್ ಇರಲಿ ಬಿಡಲಿ ಗದ್ದೆಯ ಆಚೆಗೆ ಕೇಳುವ ಕಂಠ. 2024ರ ಏಪ್ರಿಲ್‌ನಲ್ಲಿ ಸುಬ್ರಹ್ಮಣ್ಯ ಧಾರೇಶ್ವರರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಲೀಲಾವತಿ ಬೈಪಡಿತ್ತಾಯರು. ಗಂಡಸರೇ ತುಂಬಿದ್ದ ತೆಂಕಿನ (ದಕ್ಷಿಣದ ಶೈಲಿಯ) ಮೇಳದಲ್ಲಿ ಜಾಗಟೆ ಹಿಡಿದು ಕುಳಿತ ಮೊದಲ ವೃತ್ತಿಪರ ಭಾಗವತೆ! ರಾಷ್ಟ್ರೀಯ ಚಾನೆಲ್‌ಗಳು ಬಿಡಿ, ಬೆಂಗಳೂರಿನವರಿಗೂ ಅದು ಅರ್ಧ ನಿಮಿಷದ ಸುದ್ದಿ.

ಆದರೆ ಭಾಗವತರು ಹೋದ ರಾತ್ರಿಯೂ ಹರಕೆ ಆಟ ಎಲ್ಲಿಯೋ ನಡೆದಿರುತ್ತದೆ. ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಗಣಪತಿಯ ಎದುರು ಒಂದು ನಿಮಿಷ ನಿಲ್ಲುತ್ತಾರೆ, ಆಮೇಲೆ ಬಣ್ಣ ಹಚ್ಚುತ್ತಾರೆ. ಧಾರೇಶ್ವರರು ಹೋದ ವಾರ ನಾನು ನೋಡಿದ ಆಟದಲ್ಲಿ ಒಬ್ಬ ಎಳೆಯ ಭಾಗವತರು ಒಂದು ಪದವನ್ನು ಅವರ ರೀತಿಯಲ್ಲೇ ಎತ್ತಿದರು. ಹೆಸರು ಹೇಳಲಿಲ್ಲ, ಘೋಷಣೆಯಿಲ್ಲ. ಹಿಂದೆ ಕುಳಿತ ಮುದುಕರೊಬ್ಬರು ‘ಆಹಾ, ಧಾರೇಶ್ವರ’ ಎಂದು ತೊಡೆ ತಟ್ಟಿದರು.

ಮೀನುಪೇಟೆ
ಸದ್ದಿಲ್ಲ ಎನ್ನುವುದು ಒಪ್ಪುವುದಿಲ್ಲ. ಪೇಜಾವರ ಶ್ರೀಗಳು 2019ರ ಡಿಸೆಂಬರ್ 29ರಂದು ಹೋದಾಗ ಅಜ್ಜರಕಾಡು ಮೈದಾನ ನೋಡಿದ್ದೀರಾ? ನಾನು ಅವರ ಎಲ್ಲ ಮಾತು ಒಪ್ಪಿದವನಲ್ಲ, ಆದರೂ ಸಾಲಿನಲ್ಲಿ ನಿಂತೆ. ನನ್ನ ಎದುರು ಒಬ್ಬರು ಮೀನಿನ ಬುಟ್ಟಿ ಪಕ್ಕದ ಅಂಗಡಿಯಲ್ಲಿಟ್ಟು, ಕೈ ತೊಳೆದು ಬಂದಿದ್ದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮಂಗಳೂರಿನಲ್ಲಿ ಕದ್ರಿ ಗೋಪಾಲನಾಥರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ನೋಡಿ, ನಾದಸ್ವರದ ಮನೆತನದ ಹುಡುಗ ಅದನ್ನು ಹಿಡಿದು ಕರ್ನಾಟಕ ಸಂಗೀತ ನುಡಿಸಿದರು. ಈಗ ನಮ್ಮ ಕಡೆಯ ಮದುವೆಗಳಲ್ಲಿ ಸ್ಯಾಕ್ಸೋಫೋನ್ ಇಲ್ಲದೆ ತಾಳಿ ಕಟ್ಟುವುದಿಲ್ಲ. ಅದಕ್ಕಿಂತ ದೊಡ್ಡ ಫ್ಲೆಕ್ಸ್ ಬೇಕೇ?

ದುಬೈಯಲ್ಲಿರುವ_ಕಾರ್ಕಳದವ
ತಾಳಿ ಕಟ್ಟುವಾಗ ಸರಿ, ಊಟದ ಹೊತ್ತಿನಲ್ಲಿ ಕಿವಿಯ ಪಕ್ಕ ಊದುವುದನ್ನು ನಿಲ್ಲಿಸಲಿ.

ಕಲ್ಸಂಕ_ಸಿಗ್ನಲ್
ಹರೀಶ್ ರಾಯ್ ಬಗ್ಗೆ ಯಾರೂ ಮಾತಾಡಲಿಲ್ಲ. ಉಡುಪಿ ಮೂಲದವರು. ‘ಓಂ’ನಿಂದ ‘ಕೆಜಿಎಫ್’ವರೆಗೆ ಎಲ್ಲರೂ ನೋಡಿದ ಮುಖ. ಥೈರಾಯ್ಡ್ ಕ್ಯಾನ್ಸರ್, ಒಂದೊಂದು ಚುಚ್ಚುಮದ್ದಿಗೆ ಲಕ್ಷಗಟ್ಟಲೆ ಎಂದು ಅವರೇ ವಿಡಿಯೊದಲ್ಲಿ ಹೇಳಿಕೊಂಡಿದ್ದರು. ಆಗ ನಮ್ಮ ಗುಂಪಿನಲ್ಲಿ ಅದನ್ನು ಹಂಚಿಕೊಂಡೆ. ಎರಡು ಕೈಮುಗಿದ ಚಿಹ್ನೆ ಬಂತು, ಅಷ್ಟೇ. ನವೆಂಬರ್ 6ರಂದು ತೀರಿಕೊಂಡಾಗ ಅದೇ ಗುಂಪಿನಲ್ಲಿ ತೊಂಬತ್ತು ‘ಓಂ ಶಾಂತಿ’. ನಾನೂ ಆಗ ಎಷ್ಟು ಕಳುಹಿಸಿದೆ ಎಂದು ಕೇಳಬೇಡಿ. ಸೊನ್ನೆ.

ಅಪ್ಪು_ಅಭಿಮಾನಿ_ಸುರತ್ಕಲ್
ಒಪ್ಪಿದೆ. ಇಷ್ಟು ನೇರವಾಗಿ ಹೇಳಿದ್ದಕ್ಕೆ ಧನ್ಯವಾದ.

ನಮ್ಮ ಏಳು ಜನರ ಕಥೆಗೆ ಇನ್ನೊಂದು ಸಾಲಿದೆ. ಅಪ್ಪು ಕಣ್ಣು ಕೊಟ್ಟ ಸುದ್ದಿ ಕೇಳಿ ಐದು ಜನ ನೇತ್ರದಾನದ ಅರ್ಜಿ ತುಂಬಿದೆವು. ಎರಡು ಕಣ್ಣು ನಾಲ್ಕು ಜನರಿಗೆ ಬೆಳಕಾಯಿತು ಎಂದರು. ಅದು ಹೇಗೆ ಎಂದು ಇವತ್ತಿಗೂ ಗೊತ್ತಿಲ್ಲ.

ಸಿಸ್ಟರ್_ಮಣಿಪಾಲ
ಇಡೀ ಕಣ್ಣನ್ನು ಕಸಿ ಮಾಡುವುದಿಲ್ಲ, ಮುಂದಿನ ಪಾರದರ್ಶಕ ಭಾಗ ಕಾರ್ನಿಯಾ ಮಾತ್ರ. ಅದನ್ನು ಮೇಲಿನ ಪದರ, ಒಳಗಿನ ಪದರ ಎಂದು ಬಿಡಿಸಬಹುದು. ಒಬ್ಬರಿಗೆ ಮೇಲಿನದ್ದು ಹಾಳಾಗಿರುತ್ತದೆ, ಇನ್ನೊಬ್ಬರಿಗೆ ಒಳಗಿನದ್ದು. ಹೀಗೆ ಒಂದು ಕಣ್ಣು ಇಬ್ಬರಿಗೆ. ರಾಜ್‌ಕುಮಾರ್ 2006ರಲ್ಲಿ ಹೋದಾಗಲೂ ಕಣ್ಣು ಕೊಟ್ಟಿದ್ದರು, ಮಗ ತಂದೆಯ ದಾರಿಯಲ್ಲೇ ಹೋದರು.

ನೀವು ಐದು ಜನಕ್ಕೆ ಒಂದು ಮಾತು. ಅರ್ಜಿ ತುಂಬಿ ಕಪಾಟಿನಲ್ಲಿಟ್ಟರೆ ಏನೂ ಆಗುವುದಿಲ್ಲ, ಸತ್ತವರು ಫೋನ್ ಮಾಡುವುದಿಲ್ಲ. ಮನೆಯವರಿಗೆ ಹೇಳಿ. ಆರು ಗಂಟೆಯ ಒಳಗೆ ಕಣ್ಣು ತೆಗೆಯಬೇಕು. ಕಣ್ಣಿನ ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಡಬೇಕು, ತಲೆಗೆ ದಿಂಬು ಕೊಡಬೇಕು, ಫ್ಯಾನ್ ಆರಿಸಬೇಕು. ನಮ್ಮ ಕಡೆ ಫ್ಯಾನ್ ಆರಿಸಿ ಎಂದರೆ ಬಂದ ನೆಂಟರು ಜಗಳಕ್ಕೆ ನಿಲ್ಲುತ್ತಾರೆ, ಸೆಕೆ ಅಲ್ಲವೇ!

ನಿವೃತ್ತ_ಮಾಸ್ತರ
ನನಗೆ 71. ಕನ್ನಡಕವಿದೆ, ಒಂದು ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆ ಆಗಿದೆ. ನನ್ನದು ಪ್ರಯೋಜನಕ್ಕೆ ಬರುತ್ತದೆಯೇ?

ಸಿಸ್ಟರ್_ಮಣಿಪಾಲ
ಬರುತ್ತದೆ ಸರ್. ವಯಸ್ಸು, ಕನ್ನಡಕ, ಪೊರೆ ತೆಗೆದದ್ದು ಯಾವುದೂ ಅಡ್ಡಿಯಲ್ಲ. ಕೊನೆಗೆ ವೈದ್ಯರು ನೋಡಿ ತೀರ್ಮಾನಿಸುತ್ತಾರೆ.

ನಿವೃತ್ತ_ಮಾಸ್ತರ
ಹಾಗಾದರೆ ನನ್ನ ಕಣ್ಣು ಸಿಕ್ಕಿದವರು ದಾರಿಯಲ್ಲಿ ಶೃ ನೋಡಿ ನರಳುತ್ತಾರೆ.

ಸಾಹಸಸಿಂಹ_ಕಾಪು
ಮಾಸ್ತರರೇ, ನೂರು ವರ್ಷ ಬದುಕಿ 😄

ಫ್ಲೆಕ್ಸ್_ಅಂಗಡಿ_ಉಡುಪಿ
ಬದುಕಿದವರ ಕಥೆಯೇ ಕೇಳಿ. ನವೆಂಬರ್ 11ರ ಬೆಳಗ್ಗೆ ನಮ್ಮ ಓಣಿಯ ಹಿರಿಯರೊಬ್ಬರು ಓಡಿ ಬಂದರು. ‘ಧರ್ಮೇಂದ್ರ ಹೋದ. ಸಂಜೆ ಹಳೆಯ ಹಾಡಿನ ಕಾರ್ಯಕ್ರಮ ಇಟ್ಟಿದ್ದೇವೆ, ಬೇಗ ಮಾಡಿ.’ ಹಳೆಯ ಕಪ್ಪು-ಬಿಳುಪು ಫೋಟೊ ಹುಡುಕಿ, ಹೂಮಾಲೆ ಸುತ್ತಿ, ಇನ್ನೇನು ಯಂತ್ರಕ್ಕೆ ಕೊಡಬೇಕು, ಮನೆಯವರು ಸುದ್ದಿ ಸುಳ್ಳು, ಚಿಕಿತ್ಸೆ ನಡೆಯುತ್ತಿದೆ ಎಂದರು. ಹಿರಿಯರು ಕುರ್ಚಿಯ ಮೇಲೆ ಕುಳಿತು ನೀರು ಕುಡಿದರು. ಖುಷಿಯೋ ನಾಚಿಕೆಯೋ, ಮುಖ ನೋಡಿದರೆ ಹೇಳಲಾಗುತ್ತಿರಲಿಲ್ಲ. ಮುಂಗಡ ವಾಪಸು ಕೊಟ್ಟೆ. ಹದಿಮೂರು ದಿನ ಕಳೆದು, 24ರಂದು, ಅದೇ ಹಿರಿಯರು ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದರು: ‘ಆ ಫೈಲ್ ಇದೆಯೋ, ಅಳಿಸಿಬಿಟ್ಟಿರೋ?’

ಅಳಿಸಿರಲಿಲ್ಲ. ಯಾಕೆ ಅಳಿಸಲಿಲ್ಲ ಎಂದು ನನಗೇ ಕಸಿವಿಸಿಯಾಯಿತು.

ಹಂಪನಕಟ್ಟೆ_ಹುಡುಗ
ತಿಮ್ಮಕ್ಕನ ಫ್ಲೆಕ್ಸ್ ನೀವು ಮಾಡಿದ್ದಾ? ಒಂದು ಕಡೆ ಅದನ್ನು ಮರಕ್ಕೆ ಮೊಳೆ ಹೊಡೆದು ಕಟ್ಟಿದ್ದನ್ನು ಕಣ್ಣಾರೆ ನೋಡಿದೆ. ಆಲದ ಮರ ಬೇರೆ.

ಫ್ಲೆಕ್ಸ್_ಅಂಗಡಿ_ಉಡುಪಿ
ಮಾಡಿದ್ದು ನಾನೇ ಇರಬಹುದು, ಮೊಳೆ ನನ್ನದಲ್ಲ.

ಬಡಗುತಿಟ್ಟು_ತೆಂಕುತಿಟ್ಟು
ಗುಂಡ್ಮಿಯವರೇ, ಆ ಕ್ಯಾಸೆಟ್ ಎಲ್ಲಿದೆ? ಕರಾವಳಿಯ ಮಳೆಗಾಲಕ್ಕೆ ಟೇಪಿಗೆ ಬಿಳಿ ಬೂಷ್ಟು ಹಿಡಿಯುತ್ತದೆ. ನನ್ನ ಹತ್ತಿರ ಸುಸ್ಥಿತಿಯ ಪ್ಲೇಯರ್ ಇದೆ, ಕಂಪ್ಯೂಟರಿಗೆ ಇಳಿಸಿ ಕೊಡುತ್ತೇನೆ. ಬಿ ಬದಿಯನ್ನೂ.

ಗುಂಡ್ಮಿಯ_ಕಡೆಯವ
ಖಂಡಿತ ತರುತ್ತೇನೆ. ತಂದೆಗೆ ಈಗ ಕಿವಿ ಮಂದ, ದೊಡ್ಡದಾಗಿ ಹಾಕಬೇಕು.

ಫ್ಲೆಕ್ಸ್_ಅಂಗಡಿ_ಉಡುಪಿ
ಇಷ್ಟೆಲ್ಲ ಓದಿ ಬೋರ್ಡ್ ಹಾಕುವ ವಿಚಾರ ಬಿಟ್ಟೆ. ಮಧ್ಯಾಹ್ನ ಹುಡುಗರ ಒಂದು ಗುಂಪು ಬಂದಿತ್ತು, ಒಬ್ಬ ನಟರ ವರ್ಷಾಂತಿಕಕ್ಕೆ ಆರು-ನಾಲ್ಕು. ಬಟ್ಟೆಯ ಮೇಲೆ ಮಾಡೋಣ, ಅವರ ಚಿತ್ರ ನಡುವೆ ಇಡೋಣ, ನಿಮ್ಮ ಮುಖ ಬೇಡ, ಹೆಸರು ಮಾತ್ರ ಸಾಕು ಎಂದೆ. ಹೊರಗೆ ಹೋಗಿ ಅರ್ಧ ಗಂಟೆ ಚರ್ಚಿಸಿ ಒಪ್ಪಿದರು. ಈಗ ಪಟ್ಟಿ ಬಂದಿದೆ. ಮುಖವಿದ್ದಾಗ ಹನ್ನೊಂದು ಜನ ಇದ್ದರು, ಹೆಸರಾದರೆ ಐವತ್ತೆರಡು. ಸಂಘದ ಹೆಸರು ಬೇರೆ.

ನಿವೃತ್ತ_ಮಾಸ್ತರ
ಮುದ್ರಿಸುವ ಮೊದಲು ನನಗೊಮ್ಮೆ ಕಳುಹಿಸಿ.